ಮಾತ್ರೆ ಜೊತೆಗೆ ನೋಟ್‌ಬುಕ್ಕೂ ಬೇಕಾಯಿತು
ಖಿನ್ನತೆಗೆ ಮಾತ್ರೆ ವಾಸಿಯಾ, ಥೆರಪಿ ವಾಸಿಯಾ? ನಾನು ಎರಡನ್ನೂ ಕಂಡವಳು. ಎಸ್ಸಿಟಾಲೋಪ್ರಾಮ್ ಅನ್ನುವ ಖಿನ್ನತೆಯ ಮಾತ್ರೆ ಶುರುವಾದಾಗ ಬರೀ ವಾಕರಿಕೆ, ಒಣಗಿದ ಬಾಯಿ. ಗುಣ ಕಾಣಲು 2ರಿಂದ 4 ವಾರ ಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆಮೇಲೆ ನಿದ್ದೆ ಬಂತು, ಎದ್ದು ತಲೆ ಬಾಚಿಕೊಳ್ಳುವಷ್ಟು ತ್ರಾಣವೂ ಬಂತು. ಆದರೆ ‘ನನ್ನ ಕೈಲಿ ಏನೂ ಆಗಲ್ಲ’ ಅನ್ನುವ ಯೋಚನೆ ಮಾತ್ರೆಗೆ ಜಗ್ಗಲಿಲ್ಲ. ಅದಕ್ಕೆ ಸಿಬಿಟಿ, ಅಂದರೆ ಯೋಚನೆಯ ಧಾಟಿಯನ್ನು ಪರೀಕ್ಷಿಸಿ ಬದಲಿಸುವ ಥೆರಪಿ ಬೇಕಾಯಿತು. ಥೆರಪಿಸ್ಟ್ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿದರು. ಈ ಕಡೆ ಯೋಚನೆ, ಆ ಕಡೆ ಅದಕ್ಕೆ ಸಾಕ್ಷಿ. ಸಾಕ್ಷಿ ಕಡೆ ಹೆಚ್ಚೂಕಮ್ಮಿ ಖಾಲಿ! ಖರ್ಚು ಮಾತ್ರ ಜಾಸ್ತಿ. ಒಂದು ಸೆಷನ್ ದುಡ್ಡಿಗೆ ತಿಂಗಳ ಮಾತ್ರೆ ಬಂದು ಮಿಗುತ್ತಿತ್ತು. ಸೌಮ್ಯ ಖಿನ್ನತೆಗೆ ಥೆರಪಿಯೊಂದೇ ಸಾಕಾಗಬಹುದು, ತೀವ್ರವಾಗಿದ್ದರೆ ಎರಡೂ ಸೇರಿದರೆ ಮೇಲು. ಮಾತ್ರೆಯನ್ನು ದಿಢೀರನೆ ನಿಲ್ಲಿಸಬೇಡಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.