ಹೆಲೆನಾದಿಂದ ಮರಳಿದ ಮೇಲೆ

13 ಅಕ್ಟೋಬರ್ 2019, ಭಾನುವಾರ
ಮೆಂಫಿಸ್

ನಿನ್ನೆ ನಾವು ಮನೆ ಮುಟ್ಟುವಷ್ಟರಲ್ಲಿ ಮಧ್ಯರಾತ್ರಿ ಕಳೆದಿತ್ತು. ದಾರಿಯುದ್ದಕ್ಕೂ ಇವರು ಸಂಜೆಯ ಮೌತ್ ಆರ್ಗನ್ ವಾದನದ ಬಗ್ಗೆಯೇ ಮಾತನಾಡುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆನಾದರೂ ಮನಸ್ಸೆಲ್ಲ ನದಿಯ ಏರಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ಆ ಹಿರಿಯ ಮಹಿಳೆಯ ಮಾತುಗಳಲ್ಲಿಯೇ ಇತ್ತು. ಬೆಳಿಗ್ಗೆಯಿಂದ ಬೇರೆ ಯಾವ ಕೆಲಸವೂ ಕೈಗೆ ಹತ್ತಿಲ್ಲ.

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ಗೆ ಮೀಸಲಾದ ಕಿಂಗ್ ಬಿಸ್ಕಿಟ್ ಬ್ಲೂಸ್ ಉತ್ಸವದ ಬಗ್ಗೆ ಇಲ್ಲಿ ಹಿಂದೆಯೂ ಬರೆದಿದ್ದೇನೆ. ಅರ್ಕಾನ್ಸಾಸ್‌ನ ಅಂಚಿನಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿರುವ ಹೆಲೆನಾ ಎಂಬ ಪುಟ್ಟ ಊರಿನಲ್ಲಿ 1986ರಿಂದ ಪ್ರತಿ ಅಕ್ಟೋಬರಿನಲ್ಲಿ ಇದು ನಡೆಯುತ್ತ ಬಂದಿದೆ. ಹೆಸರಿನ ಹಕ್ಕಿನ ತಕರಾರಿನಿಂದಾಗಿ 2005ರಿಂದ ಕೆಲವು ವರ್ಷ ಬೇರೆ ಹೆಸರಿನಲ್ಲಿ ನಡೆದು, 2011ರಲ್ಲಿ ತನ್ನ ಹಳೆಯ ಹೆಸರನ್ನು ಮರಳಿ ಪಡೆಯಿತು. ಮುಖ್ಯ ವೇದಿಕೆಯನ್ನು ಏರಿಯ ಬುಡದಲ್ಲಿ ಕಟ್ಟುವುದರಿಂದ, ಪ್ರವಾಹ ತಡೆಯಲೆಂದು ಎತ್ತರಿಸಿದ ಆ ಹುಲ್ಲಿನ ಇಳಿಜಾರೇ ಸಾವಿರಾರು ಜನರಿಗೆ ಆಸನವಾಗುತ್ತದೆ. ಅದಕ್ಕೆ ಸಮಾನಾಂತರವಾಗಿ ಸಾಗುವ ಚೆರ್ರಿ ಸ್ಟ್ರೀಟ್‌ನಲ್ಲಿ ಉಚಿತ ವೇದಿಕೆಗಳೂ, ಮೂಲೆ ಮೂಲೆಗಳಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಹಾಡುವ ಬಿಡಿ ಗಾಯಕರೂ ಇರುತ್ತಾರೆ. ಟಿಕೆಟ್ ಪಡೆದು ಕೇಳುವ ಸಂಗೀತಕ್ಕಿಂತ ಅಲ್ಲಿ ನಿಂತು ಕೇಳುವುದೇ ನನಗೆ ಹೆಚ್ಚು ಇಷ್ಟ.

ನಾನು ಆ ಮಹಿಳೆಯೊಡನೆ ಮಾತಿಗೆ ತೊಡಗಿದ್ದು ರೇಡಿಯೋ ಕಾರ್ಯಕ್ರಮದ ವಿಷಯದಿಂದ. ಉತ್ಸವಕ್ಕೆ ಹೆಸರು ಕೊಟ್ಟ ‘ಕಿಂಗ್ ಬಿಸ್ಕಿಟ್ ಟೈಮ್’ 1941ರ ನವೆಂಬರಿನಲ್ಲಿ ಹೆಲೆನಾದ ಕೆಎಫ್ಎಫ್ಎ ಕೇಂದ್ರದಿಂದ ಆರಂಭವಾಯಿತು. ಎರಡನೆಯ ಸನ್ನಿ ಬಾಯ್ ವಿಲಿಯಮ್ಸನ್ ಎಂದು ಹೆಸರಾದ ರೈಸ್ ಮಿಲ್ಲರ್ ಮತ್ತು ಗಿಟಾರ್ ವಾದಕ ರಾಬರ್ಟ್ ಲಾಕ್‌ವುಡ್ ಸ್ಟುಡಿಯೋದಲ್ಲಿ ನೇರವಾಗಿ ನುಡಿಸುತ್ತಿದ್ದರು. ಹಿಟ್ಟು ಮಾರುವ ಕಂಪನಿಯೊಂದು ಖರ್ಚು ವಹಿಸಿಕೊಂಡಿತ್ತು. ಹಿಟ್ಟಿನ ಗುಣಗಾನ ಮಾಡಿದ್ದಕ್ಕೆ ಪ್ರತಿಯಾಗಿ, ಆ ರಾತ್ರಿ ತಾವು ಯಾವ ಊರಿನಲ್ಲಿ ಹಾಡಲಿದ್ದೇವೆ ಎಂದು ಹೇಳಿಕೊಳ್ಳುವ ಅವಕಾಶ ಕಲಾವಿದರಿಗೆ ಸಿಗುತ್ತಿತ್ತು. ಮಧ್ಯಾಹ್ನ 12:15ರ ಹೊತ್ತು, ಹತ್ತಿ ಹೊಲದಲ್ಲಿ ದುಡಿಯುವವರು ಊಟಕ್ಕೆ ಬರುವ ಹೊತ್ತು. ನದಿಯಾಚೆಯ ಮಿಸಿಸಿಪ್ಪಿ ರಾಜ್ಯದಲ್ಲಿ, ಮುಂದೆ ಬ್ಲೂಸ್ ಗಾಯಕರಾಗಿ ಹೆಸರಾದ ಮಡ್ಡಿ ವಾಟರ್ಸ್, ಬಿ. ಬಿ. ಕಿಂಗ್ ಅವರಂಥವರು ಇನ್ನೂ ಹೊಲದಲ್ಲಿ ದುಡಿಯುತ್ತಿದ್ದಾಗ ಕಿವಿಗೊಟ್ಟದ್ದು ಇದೇ ಕಾರ್ಯಕ್ರಮಕ್ಕೆ. 1951ರಿಂದ ಅದನ್ನು ನಡೆಸಿಕೊಟ್ಟ ಸನ್ನಿ ಪೇನ್ ಕಳೆದ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಧ್ವನಿ ಇಲ್ಲದಿದ್ದರೂ ಕಾರ್ಯಕ್ರಮ ನಿಂತಿಲ್ಲವೆಂಬುದು ಎಷ್ಟು ದೊಡ್ಡ ಸಮಾಧಾನ ಎಂದು ನಾನು ಆಕೆಗೆ ಹೇಳಿದೆ.

ಆಕೆ ನಕ್ಕು, ತಾನು ಅದನ್ನು ಕೇಳುತ್ತಿದ್ದದ್ದು ಅಜ್ಜನ ಮನೆಯಲ್ಲಿ ಎಂದರು. ಹೆಲೆನಾದ ದಕ್ಷಿಣಕ್ಕೆ, ಎಲೇನ್ ಕಡೆ, ಅಜ್ಜ ಬೇರೆಯವರ ಜಮೀನನ್ನು ಪಾಲಿಗೆ ಮಾಡುತ್ತಿದ್ದರಂತೆ. ಆಕೆಗೆ ಎಂಟೊಂಬತ್ತು ವರ್ಷವಾದಾಗ ತಾಯಿ ಮಕ್ಕಳನ್ನು ಕರೆದುಕೊಂಡು ಶಿಕಾಗೋಗೆ ಹೋದರು. ಅಜ್ಜ ಮಾತ್ರ ಕೊನೆಯವರೆಗೂ ಕದಲಲಿಲ್ಲ. ‘ಅವರ ಬಾಯಿಂದ 1919ರ ವಿಷಯ ಒಂದೇ ಒಂದು ಸಲವೂ ಬರಲಿಲ್ಲ, ಮಗಳೇ,’ ಎಂದರು. ‘ಆಗ ಅವರಿಗೆ ಹದಿನಾರು ವರ್ಷ. ನನಗೆ ಅದು ಗೊತ್ತಾದದ್ದು ಶಿಕಾಗೋದಲ್ಲಿ, ನನ್ನ ಮದುವೆಯಾದ ಮೇಲೆ.’

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 1919ರ ಸೆಪ್ಟೆಂಬರ್ 30ರ ರಾತ್ರಿ ಎಲೇನ್ ಸಮೀಪದ ಹೂಪ್ ಸ್ಪರ್ ಎಂಬಲ್ಲಿ, ಪಾಲಿಗೆ ಹೊಲ ಮಾಡುವ ಕಪ್ಪು ಜನ ಒಂದು ಚರ್ಚಿನಲ್ಲಿ ಸೇರಿದ್ದರು. ಹತ್ತಿಯ ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿರುತ್ತಿತ್ತು. ಎಷ್ಟು ಬೆಳೆದರೂ ವರ್ಷದ ಕೊನೆಗೆ ಸಾಲವೇ ಉಳಿಯುತ್ತಿತ್ತು. ಸರಿಯಾದ ಬೆಲೆ ಮತ್ತು ಸರಿಯಾದ ಲೆಕ್ಕ ಕೇಳಲು ಅವರು ಸಂಘ ಕಟ್ಟುತ್ತಿದ್ದರು. ಆ ರಾತ್ರಿ ಚರ್ಚಿನ ಹೊರಗೆ ಹಾರಿದ ಗುಂಡುಗಳ ಬೆನ್ನಿಗೆ ಬಿಳಿಯರ ಗುಂಪುಗಳೂ ಸೈನ್ಯವೂ ಆ ಸೀಮೆಗೆ ನುಗ್ಗಿದವು. ಸತ್ತ ಬಿಳಿಯರು ಐವರು. ಸತ್ತ ಕಪ್ಪು ಜನರನ್ನು ಸರಿಯಾಗಿ ಎಣಿಸಿದವರೇ ಇಲ್ಲ, ನೂರರಿಂದ ಹಲವು ನೂರರವರೆಗೆ ಅಂದಾಜುಗಳಿವೆ. ಕೊನೆಗೆ ಮರಣದಂಡನೆಗೆ ಗುರಿಯಾದವರು ಹನ್ನೆರಡು ಮಂದಿ, ಹನ್ನೆರಡು ಮಂದಿಯೂ ಕಪ್ಪು ಜನ. ಸ್ಕಿಪಿಯೋ ಜೋನ್ಸ್ ಅವರಂಥ ವಕೀಲರು ಹೋರಾಡಿ, 1923ರಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂಬ ವಾದವನ್ನು ಎತ್ತಿಹಿಡಿದು, ಕಟ್ಟಕಡೆಗೆ ಅವರೆಲ್ಲ ಬಿಡುಗಡೆಯಾದರು.

ಆ ಹನ್ನೆರಡು ಮಂದಿಗೆ ಮರಣದಂಡನೆಯ ತೀರ್ಪು ಬಂದ ನ್ಯಾಯಾಲಯ ಹೆಲೆನಾದ ಚೆರ್ರಿ ಸ್ಟ್ರೀಟ್‌ನಲ್ಲಿಯೇ ಇದೆ. ಹಾಡು ಕೇಳುತ್ತ, ತಿನ್ನುತ್ತ, ನಗುತ್ತ ನಾವೆಲ್ಲ ಓಡಾಡುವ ಅದೇ ಬೀದಿ. ನ್ಯಾಯಾಲಯದ ಎದುರಿನ ಉದ್ಯಾನದಲ್ಲಿ ಎರಡು ವಾರಗಳ ಹಿಂದೆಯಷ್ಟೇ, ನೂರು ವರ್ಷ ತುಂಬುವ ಹೊತ್ತಿಗೆ, ಸತ್ತವರ ನೆನಪಿಗೆ ಸ್ಮಾರಕವೊಂದನ್ನು ಅರ್ಪಿಸಿದ್ದಾರೆ. ಎಲೇನ್‌ನಲ್ಲಿ ಈ ಏಪ್ರಿಲಿನಲ್ಲಿ ನೆಟ್ಟಿದ್ದ ನೆನಪಿನ ಗಿಡವನ್ನು ಆಗಸ್ಟಿನಲ್ಲಿ ಯಾರೋ ಕಡಿದುಹಾಕಿದರು ಎಂಬುದನ್ನೂ ನೆನೆದರೆ, ನೂರು ವರ್ಷವೆಂಬುದು ಬಹಳ ಕಾಲವೇನಲ್ಲ ಎನಿಸುತ್ತದೆ. ಆಕೆ ಶುಕ್ರವಾರ ಬೆಳಿಗ್ಗೆ ಒಬ್ಬರೇ ಹೋಗಿ ಆ ಸ್ಮಾರಕವನ್ನು ನೋಡಿ ಬಂದಿದ್ದರು. ಅಲ್ಲಿಂದ ನೇರವಾಗಿ ಏರಿಗೆ ಬಂದು ಕುರ್ಚಿ ಬಿಡಿಸಿಕೊಂಡು ಕುಳಿತೆ ಎಂದರು.

ಅದನ್ನು ಕೇಳಿ ನನಗೆ ಒಮ್ಮೆಲೇ ಸಂಕಟವಾಯಿತು. ಇಂಥ ನೆಲದ ಮೇಲೆ ಇಷ್ಟು ಸಡಗರ ನಿಮಗೆ ಭಾರವೆನಿಸುವುದಿಲ್ಲವೇ ಅಮ್ಮ, ಎಂದು ಕೇಳಿಯೇ ಬಿಟ್ಟೆ. ಆಕೆ ಬಹಳ ಹೊತ್ತು ವೇದಿಕೆಯ ಕಡೆ ನೋಡುತ್ತಿದ್ದು, ‘ನನ್ನ ಅಜ್ಜ ಶನಿವಾರ ರಾತ್ರಿ ಕುಣಿಯುತ್ತಿದ್ದರು. ತುಂಬ ಚೆನ್ನಾಗಿ ಕುಣಿಯುತ್ತಿದ್ದರು. ಅಳುವುದಕ್ಕಾಗಿಯೇ ಬದುಕಿದವರು ಅವರೆಂದು ತಿಳಿಯಬೇಡ,’ ಎಂದರು. ನನಗೆ ಮುಂದೆ ಮಾತು ಹೊರಡಲಿಲ್ಲ.

ಬ್ಲೂಸ್ ಎಂದರೆ ದುಃಖದ ಹಾಡು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳುವಾಗ ಅದನ್ನು ಹಾಡಿದವರ ಹಾಸ್ಯವನ್ನು, ಪೋಲಿತನವನ್ನು, ಪ್ರಯಾಣದ ಆಸೆಯನ್ನು, ಒಂದೇ ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವ ಜಾಣತನವನ್ನು ಕಡೆಗಣಿಸುತ್ತೇವೆ. ನಿನ್ನೆ ಸಂಜೆ ಹಾಡಿದ ಹಿರಿಯರೊಬ್ಬರು ಎರಡನೆಯ ಸಲ ಅದೇ ಸಾಲನ್ನು ಹಾಡುವಾಗ ತುಸು ತಡೆದು ನಿಂತಾಗ, ಮೂರನೆಯದು ಏನೆಂದು ಬಲ್ಲ ಜನ ಆಗಲೇ ನಗಲಾರಂಭಿಸಿದ್ದರು.

ಇನ್ನೊಂದು ಕಡೆ ಊರಿನ ಸ್ಥಿತಿ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಟೈರ್ ಕಾರ್ಖಾನೆ 1979ರಲ್ಲಿ ಮುಚ್ಚಿತು, ಹೊಲಗಳಿಗೆ ಯಂತ್ರಗಳು ಬಂದವು, ಜನ ಗುಳೆ ಹೋದರು. ಬೀದಿಯ ಎಷ್ಟೋ ಇಟ್ಟಿಗೆ ಕಟ್ಟಡಗಳು ಖಾಲಿ ಬಿದ್ದಿವೆ. ಉತ್ಸವದ ದಿನಗಳಲ್ಲಿ ತುಂಬಿ ತುಳುಕುವ ಊರು ಸೋಮವಾರ ಯಾರ ಪಾಲಿಗೆ ಉಳಿಯುತ್ತದೆ? ಹೊರಗಿನಿಂದ ಬಂದು ಹೋಗುವ ನಮ್ಮಂಥವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು.

ಮತ್ತೆ ಮತ್ತೆ ನೆನಪಾಗುತ್ತಿರುವುದು ಒಂದು ಲೆಕ್ಕ. 1919ರಿಂದ 1941ಕ್ಕೆ ಕೇವಲ 22 ವರ್ಷ. ಸಂಘ ಕಟ್ಟಲು ಸೇರಿದವರ ಬಾಯಿ ಮುಚ್ಚಿಸಿದ ಅದೇ ಜಿಲ್ಲೆಯಲ್ಲಿ, ಬದುಕಿ ಉಳಿದವರು ಬಾಯಿ ಬಿಡದೆ ದುಡಿಯುತ್ತಿರುವಾಗಲೇ, ದಿನಾ ಮಧ್ಯಾಹ್ನ ತಮ್ಮವರ ಧ್ವನಿ ತಮ್ಮದೇ ಮಾತಿನಲ್ಲಿ ಗಾಳಿಯಲ್ಲಿ ತೇಲಿ ಬರತೊಡಗಿತು. ಅದೂ ಹಿಟ್ಟಿನ ಜಾಹೀರಾತಿನ ನಡುವೆ. ಹದಿನಾರರ ವಯಸ್ಸಿನಲ್ಲಿ ಅದನ್ನೆಲ್ಲ ಕಂಡಿದ್ದ ಆ ಅಜ್ಜ ಆ ಧ್ವನಿಯನ್ನು ಹೇಗೆ ಕೇಳಿಸಿಕೊಂಡಿರಬಹುದು?

ಹೊರಡುವ ಮೊದಲು ಆಕೆ ಹೇಳಿದ ಇನ್ನೊಂದು ಸಂಗತಿಯಿದೆ. ಚಳಿಗಾಲದಲ್ಲಿಯೂ ಅಜ್ಜ ರೇಡಿಯೋ ಹಚ್ಚಿದ ಕೂಡಲೇ ಮನೆಯ ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದರಂತೆ, ಅಜ್ಜಿ ಎಷ್ಟು ಗೊಣಗಿದರೂ ಮುಚ್ಚಗೊಡುತ್ತಿರಲಿಲ್ಲವಂತೆ. ರೇಡಿಯೋ ಇಲ್ಲದ ನೆರೆಯವರಿಗೂ ಕೇಳಲಿ ಎಂದಿರಬೇಕು ಅಂದುಕೊಂಡು ನಾನು ಆಗ ತಲೆಯಾಡಿಸಿದೆ. ಬೆಳಿಗ್ಗೆ ಎದ್ದಾಗ ಮಾತ್ರ, ಅದು ಅದಕ್ಕಾಗಿಯೋ, ಅಥವಾ ರಸ್ತೆಯಲ್ಲಿ ಯಾರು ಬರುತ್ತಿದ್ದಾರೆಂದು ಕಾಣುತ್ತಿರಲಿ ಎಂದೋ ಎಂಬ ಪ್ರಶ್ನೆ ಎದ್ದಿತು.