ಫಾರ್ಮ್ಯಾಟ್ ಬೇಡ ಚಿಕ್ಕಪ್ಪ, ಮೊದ್ಲು ಸರ್ವಿಸ್ ನೋಡೋಣ

ಸಿಇಟಿ ಹಾಲ್ ಟಿಕೆಟ್ ಕೆಇಎ ವೆಬ್‌ಸೈಟಲ್ಲಿ ಬಿಟ್ರು ಅಂದ್ರೆ ಅರಸೀಕೆರೆಯಂಥ ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋರಿಗೆ ಊಟಕ್ಕೂ ಪುರುಸೊತ್ತಿರಲ್ಲ. ಸುತ್ತಮುತ್ತ ಹಳ್ಳಿ ಮಕ್ಕಳು ಬೆಳಗ್ಗೆ ಮೊದಲ್ನೇ ಬಸ್ಸಿಗೇ ಬಂದು ಬಾಗಿಲು ತೆಗೆಯೋ ಮುಂಚೆನೇ ನಿಂತಿರ್ತಾರೆ, ಅವರ ಹಿಂದೆ ಪಹಣಿ ಬೇಕು ಅನ್ನೋರು, ಆಧಾರ್ ಬೆರಳು ಒತ್ತಿ ದುಡ್ಡು ತಗೊಳ್ಳೋಕೆ ಬಂದ ಅಜ್ಜಿಯರು, ಎಲ್ಲ ಒಂದೇ ಸಾಲಲ್ಲಿ. ಈ ವರ್ಷ ಅಂಥದ್ದೇ ಒಂದು ಬೆಳಗ್ಗೆ ಚಿಕ್ಕಪ್ಪನ ಅಂಗಡೀಲಿ ಪ್ರಿಂಟ್ ನಿಂತೋಯ್ತು, ನಾನು ರಜೆ ಹಾಕಿ ಊರಿಗೆ ಬಂದಿದ್ದೆ, ಫೋನ್ ಬಂತು. "ನೋಡಮ್ಮ, ಸ್ವಲ್ಪ ಬಾ, ಆ ರಿಪೇರಿಯವ್ನು ಫಾರ್ಮ್ಯಾಟ್ ಹೊಡೀಬೇಕು ಅಂತಾನೆ, ಅದೂ ಸಂಜೆ ಬರ್ತಾನಂತೆ, ಸಂಜೆತನಕ ಈ ಮಕ್ಕಳಿಗೆ ಏನ್ ಹೇಳ್ಲಿ?"

ನಾನು ಹೋಗೋ ಹೊತ್ತಿಗೆ ಅಂಗಡಿ ಹುಡುಗಿ ಆಗ್ಲೇ ಸಿಸ್ಟಮ್‌ನ ಆಫ್ ಮಾಡಿ ಆನ್ ಮಾಡಿ ಸಾಕಾಗಿ ಕೂತಿದ್ಲು, ಆದ್ರೆ ಅವಳು ಹೇಳಿದ ಒಂದು ಮಾತು ತುಂಬ ಉಪಯೋಗಕ್ಕೆ ಬಂತು. "ಅಕ್ಕ, ಆನ್ ಆದ ಹೊಸದ್ರಲ್ಲಿ ಪ್ರಿಂಟರ್ ಹೆಸರು ತೋರಿಸುತ್ತೆ, ಸ್ವಲ್ಪ ಹೊತ್ತಿಗೆ ಲಿಸ್ಟಿಂದಾನೇ ಹೊರಟೋಗುತ್ತೆ." ಕೇಬಲ್ ಸಡಿಲ ಇದ್ರೆ, ಟೋನರ್ ಮುಗಿದಿದ್ರೆ ಹೀಗಾಗಲ್ಲ, ಪ್ರಿಂಟರ್ ಆಫ್‌ಲೈನ್ ಅಂತಾನೋ ಎರರ್ ಅಂತಾನೋ ಬರುತ್ತೆ ಅಷ್ಟೇ, ಹೆಸರು ಹೋಗಲ್ಲ. ಲಿಸ್ಟೇ ಖಾಲಿ ಆಗ್ತಿದೆ ಅಂದ್ರೆ ಪ್ರಿಂಟರ್‌ಗಳ ಲೆಕ್ಕ ಇಟ್ಕೊಳ್ಳೋ ಸರ್ವಿಸ್ (ಹಿನ್ನೆಲೇಲಿ ಕಣ್ಣಿಗೆ ಕಾಣದೇ ಓಡೋ ಪ್ರೋಗ್ರಾಂ) ಎದ್ದು ಮತ್ತೆ ಬೀಳ್ತಿದೆ, ಶುರುವಾಗಿ ನಿಂತೋಗ್ತಿದೆ ಅಂತ ಅರ್ಥ. ನನ್ನ ಕೆಲಸ ಬೆಂಗಳೂರಲ್ಲಿ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಸರ್ವರ್ ನೋಡ್ಕೊಳ್ಳೋದು, ಅಲ್ಲಿ ದಿನಾ ಮಾಡೋದೇ ಇದು, ಯಾವ ಸರ್ವಿಸ್ ಎದ್ದಿದೆ ಯಾವುದು ಬಿತ್ತು ಯಾಕೆ ಬಿತ್ತು ಅಂತ ನೋಡೋದು. ಹೆಸರು ಬೇರೆ, ಗುಂಡಿ ಬೇರೆ, ಲಾಜಿಕ್ ಒಂದೇ.

ವಿಂಡೋಸ್ ಕೀ ಜೊತೆ ಆರ್ ಒತ್ತಿ ಸರ್ವಿಸಸ್ ಡಾಟ್ ಎಂಎಸ್‌ಸಿ ಅಂತ ಟೈಪ್ ಮಾಡಿದ್ರೆ ಒಂದು ಉದ್ದದ ಪಟ್ಟಿ ತೆರೀತದೆ. ಚಿಕ್ಕಪ್ಪ ಇಷ್ಟು ವರ್ಷದಿಂದ ಆ ಕಂಪ್ಯೂಟರಲ್ಲೇ ಸಂಸಾರ ನಡೆಸ್ತಿದ್ರೂ ಈ ಕಿಟಕಿ ನೋಡೇ ಇರ್ಲಿಲ್ಲ, ನೋಡೋ ಸಂದರ್ಭಾನೂ ಬರಲ್ಲ. ಸರ್ವಿಸ್‌ಗಳು ನಾವು ಪಾಸ್‌ವರ್ಡ್ ಹೊಡೆಯೋ ಮುಂಚೆನೇ ಎದ್ದಿರ್ತವೆ, ಅವಕ್ಕೆ ಕಿಟಕಿ ಇಲ್ಲ, ಕೆಳಗಡೆ ಟಾಸ್ಕ್‌ಬಾರಲ್ಲಿ ಐಕಾನ್ ಇಲ್ಲ. ವಿಂಡೋಸ್ ವಿಸ್ಟಾ ಬಂದಾಗಿಂದ ಮೈಕ್ರೋಸಾಫ್ಟ್‌ನವ್ರು ಅವನ್ನೆಲ್ಲ ಬೇಕಂತ್ಲೇ ಬೇರೆ ಸೆಷನ್‌ಗೆ, ಅಂದ್ರೆ ನಾವು ಲಾಗಿನ್ ಆಗಿ ಕೆಲಸ ಮಾಡೋ ಜಾಗದಿಂದ ಬೇರೆ ಕಡೆಗೆ, ಹಾಕ್ಬಿಟ್ರು, ಸೆಷನ್ ಸೊನ್ನೆ ಅಂತ, ಭದ್ರತೆ ದೃಷ್ಟಿಯಿಂದ, ಹಂಗಾಗಿ ಒಂದು ಸರ್ವಿಸ್ ನಮ್ಮ ಸ್ಕ್ರೀನ್ ಮೇಲೆ ತಾನಾಗೇ ಏನಾದ್ರೂ ತೋರಿಸ್ಬೇಕು ಅಂದ್ರೂ ಆಗಲ್ಲ. ಬಿದ್ದಾಗ ಕೂಗಿ ಹೇಳೋಕೂ ಅದಕ್ಕೆ ದಾರಿ ಇಲ್ಲ, ನಾವೇ ಹೋಗಿ ನೋಡ್ಬೇಕು.

ಪ್ರಿಂಟ್ ಸ್ಪೂಲರ್ ಅನ್ನೋ ಸಾಲಿಗೆ ಬಂದ್ವಿ, ಕೊಟ್ಟ ಪ್ರಿಂಟ್‌ಗಳನ್ನ ಸಾಲಲ್ಲಿ ಇಟ್ಟು ಪ್ರಿಂಟರ್‌ಗೆ ಕಳಿಸೋ ಸರ್ವಿಸ್ ಅದೇ, ಅದರ ಮುಂದೆ ರನ್ನಿಂಗ್ ಅಂತ ಇರ್ಬೇಕಾದ ಜಾಗ ಖಾಲಿ. ಸ್ಟಾರ್ಟ್ ಒತ್ತಿದೆ, ಎದ್ದಿತು, ಪಟ್ಟಿ ಹೊಸದಾಗಿ ತೋರಿಸ್ಲಿ ಅಂತ ಎಫ್5 ಒತ್ತಿದೆ, ಮತ್ತೆ ಖಾಲಿ.

ಆಗ ವಿಂಡೋಸ್ ಒಳಗೆ ಏನಾಯ್ತು ಅಂತ ದಾಖಲೆ ತೋರಿಸೋ ಈವೆಂಟ್ ವ್ಯೂವರ್ ತೆಗ್ದು ಸಿಸ್ಟಮ್ ಲಾಗಲ್ಲಿ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಅಂತ ಇರೋ ಸಾಲುಗಳನ್ನ ಹುಡುಕಿದ್ವಿ. 7031 ನಂಬರಿನ ಎರರ್, ಕೆಳಗಡೆ 7034. ಎರಡೂ ಹೇಳೋದು ಸರ್ವಿಸ್ ಅನಿರೀಕ್ಷಿತವಾಗಿ ನಿಂತೋಯ್ತು ಅಂತಾನೇ, ಆದ್ರೆ 7031 ಅಂದ್ರೆ ನಿಂತ ಮೇಲೆ ಏನ್ ಮಾಡ್ಬೇಕು ಅಂತ ಹೇಳಿಟ್ಟಿದೆ, ಅದನ್ನ ಮಾಡ್ತೀನಿ ಅಂತ, 7034 ಅಂದ್ರೆ ಹೇಳಿಟ್ಟಿದ್ದು ಏನೂ ಇಲ್ಲ, ಸುಮ್ನೆ ಬಿಟ್ಟೆ ಅಂತ. ಸ್ಪೂಲರ್‌ನ ಪ್ರಾಪರ್ಟೀಸಲ್ಲಿ ರಿಕವರಿ ಅಂತ ಒಂದು ಟ್ಯಾಬ್ ಇದೆ, ಅಲ್ಲಿ ನೋಡಿದ್ರೆ ಮೊದಲ ಸಲ ಬಿದ್ರೆ ರೀಸ್ಟಾರ್ಟ್, ಎರಡನೇ ಸಲ ಬಿದ್ರೂ ರೀಸ್ಟಾರ್ಟ್, ಆಮೇಲೆ ಬಿದ್ರೆ ಏನೂ ಮಾಡ್ಬೇಡ ಅಂತ ಇತ್ತು. ಹುಡುಗಿ ಹೇಳಿದ್ದು ಪೂರ್ತಿ ಇಲ್ಲಿಗೆ ಹೊಂದ್ಕೊಂಡ್ತು, ಆನ್ ಮಾಡಿದಾಗ ಏಳುತ್ತೆ, ಬೀಳುತ್ತೆ, ವಿಂಡೋಸ್ ಎತ್ತಿ ನಿಲ್ಲಿಸುತ್ತೆ, ಮತ್ತೆ ಬೀಳುತ್ತೆ, ಕೊನೆಗೆ ಕೈಬಿಡುತ್ತೆ. ಲಿನಕ್ಸಲ್ಲಿ ಸರ್ವಿಸ್‌ಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿ ಮಾಡೋದೂ ಇದನ್ನೇ, ರೀಸ್ಟಾರ್ಟ್ ಮಾಡು ಅಂತ ಹೇಳಿಟ್ಟಿದ್ರೂ 10 ಸೆಕೆಂಡಲ್ಲಿ 5 ಸಲಕ್ಕಿಂತ ಜಾಸ್ತಿ ಎಬ್ಬಿಸೋ ಹಂಗೆ ಆದ್ರೆ ಸಾಕು ಅಂತ ನಿಲ್ಲಿಸ್ಬಿಡುತ್ತೆ, ಅದು ಅದರ ಡೀಫಾಲ್ಟ್ ಲೆಕ್ಕ. ಇದು ಒಳ್ಳೇ ಏರ್ಪಾಡು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಒಂದೇ ಕಾರಣಕ್ಕೆ ಮತ್ತೆ ಮತ್ತೆ ಬೀಳ್ತಿರೋದನ್ನ ಎತ್ತುತ್ತಾನೇ ಇದ್ರೆ ಸಿಪಿಯು ಸುಮ್ನೆ ಸುಡುತ್ತೆ, ಕಾರಣ ಹಂಗೇ ಮುಚ್ಚೋಗುತ್ತೆ.

ಕಾರಣ ಚಿಕ್ಕಪ್ಪನ ಬಾಯಿಂದ್ಲೇ ಬಂತು. ಹಿಂದಿನ ದಿನ ಸಾಯಂಕಾಲ ಯಾರೋ ಒಂದು ದೊಡ್ಡ ಪಿಡಿಎಫ್ ಪ್ರಿಂಟ್‌ಗೆ ಕೊಟ್ಟಿದ್ರಂತೆ, ಅರ್ಧಕ್ಕೆ ಕರೆಂಟ್ ಹೋಯ್ತಂತೆ, ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವೋ ಆಗಿದೆ. ನಾವು ಪ್ರಿಂಟ್ ಕೊಟ್ಟಾಗ ಅದು ನೇರವಾಗಿ ಪ್ರಿಂಟರ್‌ಗೆ ಹೋಗಲ್ಲ, ಸಿಸ್ಟಮ್32 ಒಳಗಡೆ ಸ್ಪೂಲ್ ಅನ್ನೋ ಫೋಲ್ಡರ್, ಅದರೊಳಗೆ ಪ್ರಿಂಟರ್ಸ್ ಅಂತ ಇನ್ನೊಂದು, ಅಲ್ಲಿ ಒಂದೊಂದು ಜಾಬಿಗೆ ಎರಡೆರಡು ಫೈಲ್ ಬೀಳ್ತವೆ, ಎಸ್‌ಪಿಎಲ್ ಅನ್ನೋದ್ರಲ್ಲಿ ಪ್ರಿಂಟ್ ಆಗ್ಬೇಕಾದ ಸರಕು, ಎಸ್‌ಎಚ್‌ಡಿ ಅನ್ನೋದ್ರಲ್ಲಿ ಯಾರು ಕೊಟ್ರು ಯಾವ ಪ್ರಿಂಟರ್‌ಗೆ ಅನ್ನೋ ವಿವರ. ಚಿಕ್ಕಪ್ಪಂಗೆ ಹೇಳಿದೆ, ಹಿಟ್ಟಿನ ಗಿರಣೀಲಿ ಡಬ್ಬ ಸಾಲಾಗಿ ಇಟ್ಟು ಹೋಗ್ತೀವಲ್ಲ ಹಂಗೆ, ಮಧ್ಯದ ಒಂದು ಡಬ್ಬದಲ್ಲಿ ಕಲ್ಲಿದ್ರೆ ಗಿರಣಿಯವ್ನು ಅದನ್ನ ಸುರಿದಾಗಲೆಲ್ಲ ಮಿಷನ್ ನಿಲ್ಲುತ್ತೆ, ಹಿಂದಿನ ಡಬ್ಬಗಳೆಲ್ಲ ಕಾಯ್ತಾ ಕೂರ್ತವೆ ಅಂತ. ಕರೆಂಟ್ ಹೋದಾಗ ಅರ್ಧಂಬರ್ಧ ಬರೆದುಕೊಂಡ ಆ ಫೈಲು ಡಿಸ್ಕಲ್ಲಿ ಹಂಗೇ ಉಳ್ಕೊಂಡಿತ್ತು, ಸ್ಪೂಲರ್ ಎದ್ದಾಗೆಲ್ಲ ಮೊದಲು ಉಳಿದ ಜಾಬ್‌ಗಳನ್ನ ಓದೋಕೆ ಹೋಗುತ್ತೆ, ಅದನ್ನ ಮುಟ್ಟಿದ ತಕ್ಷಣ ಬೀಳುತ್ತೆ. ರೀಬೂಟ್ ಮಾಡಿ ಏನೂ ಪ್ರಯೋಜನ ಆಗದೇ ಇದ್ದಿದ್ದು ಅದಕ್ಕೇ.

ಸ್ಪೂಲರ್ ಸ್ಟಾಪ್ ಆಗಿದೆ ಅಂತ ಖಾತ್ರಿ ಮಾಡ್ಕೊಂಡು ಆ ಫೋಲ್ಡರ್ ಒಳಗಿನ ಫೈಲ್‌ಗಳನ್ನ ಮಾತ್ರ ಡಿಲೀಟ್ ಮಾಡಿ (ಫೋಲ್ಡರ್ ಅಲ್ಲ, ಅದು ಇರ್ಲೇಬೇಕು) ಸ್ಟಾರ್ಟ್ ಕೊಟ್ವಿ. ಎದ್ದಿತು, ನಿಂತಿತು. ಮೊದಲ ಹಾಲ್ ಟಿಕೆಟ್ ಆಚೆ ಬಂದಾಗ ಸಾಲಲ್ಲಿದ್ದ ಹುಡುಗ್ರು ಚಪ್ಪಾಳೆ ಹೊಡೆದ್ರು, ನನಗೂ ತುಂಬ ಖುಷಿ ಆಯ್ತು.

ಮಧ್ಯಾಹ್ನ ರಶ್ ಕಡಿಮೆ ಆದ್ಮೇಲೆ ನಾನು ಹೊರಡ್ಬೇಕು ಅಂತಿದ್ದೆ, ಚಿಕ್ಕಪ್ಪ ಬಿಡ್ಲಿಲ್ಲ. "ಬಂದಿದ್ದೀಯಲ್ಲಮ್ಮ, ಇದು ಆನ್ ಆಗೋಕೇ ಅಷ್ಟು ಹೊತ್ತು ತಗೊಳ್ಳುತ್ತೆ, ಅದನ್ನೂ ನೋಡು." 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ಆನ್ ಮಾಡಿದ್ರೆ ಟಾಸ್ಕ್ ಮ್ಯಾನೇಜರಲ್ಲಿ ಡಿಸ್ಕ್ ನೂರಕ್ಕೆ ನೂರು ತೋರಿಸ್ಕೊಂಡು ನಿಂತ್ಬಿಡುತ್ತೆ. ಅವರಿಗೆ ಇನ್ನೊಂದು ಭಯಾನೂ ಇತ್ತು, ಯಾರೋ ಬಂದವ್ರು ಟಾಸ್ಕ್ ಮ್ಯಾನೇಜರ್ ನೋಡಿ ಎಸ್‌ವಿಸಿ ಹೋಸ್ಟ್ ಅಂತ ಇಷ್ಟೊಂದು ಇದಾವಲ್ಲ ಇದೆಲ್ಲ ವೈರಸ್ಸು ಅಂದಿದ್ರಂತೆ. ವೈರಸ್ ಅಲ್ಲ ಚಿಕ್ಕಪ್ಪ. ವಿಂಡೋಸ್‌ನ ಎಷ್ಟೋ ಸರ್ವಿಸ್‌ಗಳು ಡಿಎಲ್‌ಎಲ್ ರೂಪದಲ್ಲಿರ್ತವೆ, ತಾವಾಗೇ ಓಡೋಕೆ ಆಗಲ್ಲ, ಅವನ್ನ ಹೊತ್ಕೊಂಡು ಓಡೋ ಪ್ರೋಗ್ರಾಂ ಅದು. ಮುಂಚೆ ಒಂದೊಂದು ಎಸ್‌ವಿಸಿ ಹೋಸ್ಟ್ ಒಳಗೆ ಸುಮಾರು ಸರ್ವಿಸ್ ಗುಂಪಾಗಿ ಇರ್ತಿದ್ವು, ಒಂದು ಬಿದ್ರೆ ಜೊತೆಗಿದ್ದವೂ ಬೀಳ್ತಿದ್ವು. 2017ರಲ್ಲಿ ಬಂದ ವಿಂಡೋಸ್ 10ರ 1703 ವರ್ಷನ್‌ನಿಂದ, ರ‍್ಯಾಮ್ 3.5 ಜಿಬಿಗಿಂತ ಜಾಸ್ತಿ ಇದ್ರೆ ಹೆಚ್ಚಿನವಕ್ಕೆ ಒಂದೊಂದು ಪ್ರತ್ಯೇಕ ಪ್ರೊಸೆಸ್ ಕೊಟ್ರು, ಅದಕ್ಕೇ ಇಷ್ಟೊಂದು ಕಾಣೋದು. ಅನುಮಾನ ಬಂದ್ರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಗೋ ಟು ಸರ್ವಿಸಸ್ ಒತ್ತಿದ್ರೆ ಒಳಗಡೆ ಯಾರಿದಾರೆ ಅಂತ ತೋರಿಸುತ್ತೆ, ಫೈಲ್ ಇರೋ ಜಾಗ ಸಿಸ್ಟಮ್32 ಬಿಟ್ಟು ಇನ್ನೆಲ್ಲೋ ಟೆಂಪ್ ಫೋಲ್ಡರಲ್ಲಿದ್ರೆ ಆಗ ಹೆದರ್ಬೇಕು.

ಇನ್ನು ಡಿಸೇಬಲ್ ಮಾಡೋ ವಿಷಯ. ಕಂಪ್ಯೂಟರ್ ಫಾಸ್ಟ್ ಮಾಡೋದು ಹೇಗೆ ಅನ್ನೋ ವಿಡಿಯೋಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತೆ: ಎಂಎಸ್ ಕಾನ್ಫಿಗ್ (ವಿಂಡೋಸ್ ಜೊತೆ ಏನೇನು ಶುರುವಾಗ್ಬೇಕು ಅಂತ ಬದಲಾಯ್ಸೋ ಕಿಟಕಿ) ತೆಗೀರಿ, ಮೈಕ್ರೋಸಾಫ್ಟ್ ಸರ್ವಿಸ್‌ಗಳನ್ನ ಹೈಡ್ ಮಾಡಿ, ಉಳಿದಿದ್ದೆಲ್ಲ ಡಿಸೇಬಲ್ ಆಲ್. ಹೈಡ್ ಮಾಡೋವರೆಗೂ ಸರಿ, ಪಟ್ಟಿ ಚಿಕ್ಕದಾಗುತ್ತೆ, ನೋಡೋಕೆ ಅನುಕೂಲ. ಡಿಸೇಬಲ್ ಆಲ್ ಅನ್ನೋದು ಮಾತ್ರ ಇಂಥ ಅಂಗಡಿಗೆ ದೊಡ್ಡ ಹೊಡ್ತ. ಹೋದ ವರ್ಷ ಒಬ್ಬರು ಫಾಸ್ಟ್ ಮಾಡ್ಕೊಡ್ತೀನಿ ಅಂತ ಬಂದು ಹಂಗೇ ಮಾಡಿ ಹೋಗಿದ್ರಂತೆ, ಮಾರನೇ ದಿನದಿಂದ ಬೆರಳಚ್ಚು ತಗೊಳ್ಳೋ ಯಂತ್ರ ಕೆಲಸಾನೇ ಮಾಡ್ಲಿಲ್ಲ, ಲೈಟ್ ಉರಿಯುತ್ತೆ, ಡಿವೈಸ್ ನಾಟ್ ಫೌಂಡ್ ಅನ್ನುತ್ತೆ. ಪಿಂಚಣಿ ದುಡ್ಡು ತಗೊಳ್ಳೋಕೆ ದೂರದಿಂದ ಬಂದ ಅಜ್ಜಿಯರು ವಾಪಸ್ ಹೋಗಿದಾರೆ. ಬಸ್ ಚಾರ್ಜ್ ಕೊಟ್ಕೊಂಡು ಬಂದು ಬರಿಗೈಲಿ ಹೋಗೋದು ಅಂದ್ರೆ ಅವರಿಗೆ ಸಣ್ಣ ಮಾತಲ್ಲ, ಕೇಳಿ ನನಗೆ ನಿಜವಾಗ್ಲೂ ಸಿಟ್ಟು ಬಂತು.

ಆಗಿದ್ದೇನು ಅಂದ್ರೆ, ಆಧಾರ್ ಬೆರಳಚ್ಚು ಯಂತ್ರಕ್ಕೆ ಆರ್‌ಡಿ (ರಿಜಿಸ್ಟರ್ಡ್ ಡಿವೈಸ್) ಸರ್ವಿಸ್ ಅಂತ ಒಂದು ಹಿನ್ನೆಲೇಲಿ ಓಡ್ತಾ ಇರ್ಲೇಬೇಕು. ಹಳೇ ಸ್ಕ್ಯಾನರ್‌ಗಳು ಬೆರಳಿನ ಚಿತ್ರಾನ ಹಂಗೇ ಆಪ್‌ಗೆ ಕೊಡ್ತಿದ್ವು, ಯಾರಾದ್ರೂ ಅದನ್ನ ಇಟ್ಕೊಂಡು ಆಮೇಲೆ ಬಳಸೋ ಅಪಾಯ ಇತ್ತು, ಅದಕ್ಕೆ 2017ರಲ್ಲಿ ಆಧಾರ್ ನೋಡ್ಕೊಳ್ಳೋ ಪ್ರಾಧಿಕಾರ ಯುಐಡಿಎಐ ರಿಜಿಸ್ಟರ್ಡ್ ಡಿವೈಸ್‌ಗಳಿಗೆ ಬದಲಾಗ್ಬೇಕು ಅಂತ ಹೇಳ್ತು. ಈಗ ಬೆರಳಿನ ಮಾಹಿತಿ ಎನ್‌ಕ್ರಿಪ್ಟ್ ಆಗಿ, ಸಹಿ ಬಿದ್ದ ಮೇಲೇನೇ ಆಪ್‌ನ ಕೈಗೆ ಹೋಗೋದು. ಆಪ್ ಈ ಸರ್ವಿಸ್‌ನ ಹುಡುಕೋದು ಅದೇ ಕಂಪ್ಯೂಟರ್ ಒಳಗಡೆ, 127.0.0.1ರಲ್ಲಿ, 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ (ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡೋ ನಂಬರ್ ಹಾಕಿದ ಬಾಗಿಲುಗಳು). ಸರ್ವಿಸ್ ನಿಂತಿದ್ರೆ ಯಾವ ಪೋರ್ಟಲ್ಲೂ ಉತ್ತರ ಇಲ್ಲ, ಯಂತ್ರ ಚೆನ್ನಾಗಿದ್ರೂ ಆಪ್ ಪಾಲಿಗೆ ಅದು ಇಲ್ಲ. ಮೈಕ್ರೋಸಾಫ್ಟ್‌ದಲ್ಲ, ಹೆಸರು ನೋಡಿದ್ರೆ ಏನಂತ ಗೊತ್ತಾಗಲ್ಲ, ಅಂಥದ್ದೇ ಆ ಅಂಗಡಿಯ ಅರ್ಧ ದುಡಿಮೆ ನಡೆಸ್ತಿತ್ತು.

ಹಂಗಾಗಿ ನಾವು ಒಂದೊಂದಾಗಿ ನೋಡಿದ್ವಿ. ಡಬಲ್ ಕ್ಲಿಕ್ ಮಾಡಿದ್ರೆ ಪಾತ್ ಟು ಎಕ್ಸಿಕ್ಯೂಟಬಲ್ ಅಂತ ಇರುತ್ತೆ, ಯಾವ ಫೋಲ್ಡರಿಂದ ಓಡ್ತಿದೆ ಅಂತ, ಅದ್ರಿಂದ ಯಾರ ಸಾಫ್ಟ್‌ವೇರ್ ಅನ್ನೋದು ಹೆಚ್ಚುಕಮ್ಮಿ ತಿಳಿಯುತ್ತೆ. ಯಾವಾಗ್ಲೋ ಮಾರಿದ್ದ ಹಳೇ ಪ್ರಿಂಟರಿನ ಇಂಕ್ ಲೆವೆಲ್ ನೋಡೋ ಸರ್ವಿಸ್ ಇನ್ನೂ ಓಡ್ತಿತ್ತು, ಯಾರಿಗೋ ಮೊಬೈಲ್ ಕನೆಕ್ಟ್ ಮಾಡೋಕೆ ಹಾಕಿದ ಸಾಫ್ಟ್‌ವೇರಿಂದು, ಟ್ರಯಲ್ ಮುಗಿದ ಲೆಕ್ಕದ ಪ್ಯಾಕೇಜಿಂದು. ಪ್ರೋಗ್ರಾಮೇ ಬೇಡದೇ ಇದ್ದಲ್ಲಿ ಅನ್‌ಇನ್‌ಸ್ಟಾಲ್ ಮಾಡಿಸ್ದೆ, ಆಗಾಗ ಬೇಕಾಗೋ ಅಂಥದ್ದನ್ನ ಮ್ಯಾನುಯಲ್‌ಗೆ ಇಟ್ವಿ, ಯಾರಾದ್ರೂ ಕರೆದಾಗ ಮಾತ್ರ ಏಳ್ಲಿ ಅಂತ. ಅಪ್‌ಡೇಟರ್‌ಗಳನ್ನ ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್‌ಗೆ ಹಾಕಿದ್ವಿ. ಡಿಲೇಡ್ ಅಂದ್ರೆ ಉಳಿದ ಆಟೋಮ್ಯಾಟಿಕ್ ಸರ್ವಿಸ್‌ಗಳೆಲ್ಲ ಎದ್ದಾದ್ಮೇಲೆ ಸುಮಾರು ಎರಡು ನಿಮಿಷ ಬಿಟ್ಟು ಶುರುವಾಗೋದು, ಹಾರ್ಡ್ ಡಿಸ್ಕ್ ಇರೋ ಹಳೇ ಸಿಸ್ಟಮಲ್ಲಿ ಈ ಒಂದು ಬದಲಾವಣೆನೇ ಸಾಕಷ್ಟು ನಿರಾಳ ಕೊಡುತ್ತೆ, ಎಲ್ಲರೂ ಒಟ್ಟಿಗೆ ಡಿಸ್ಕ್ ಮೇಲೆ ಬೀಳೋದು ತಪ್ಪುತ್ತೆ. ಸಿಸ್‌ಮೈನ್ ಅನ್ನೋದನ್ನೂ, ಮುಂಚೆ ಸೂಪರ್‌ಫೆಚ್ ಅಂತಿದ್ರಲ್ಲ ಅದು, ನಿಲ್ಲಿಸಿ ನೋಡಿದ್ವಿ, ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ, ವಾಪಸ್ ಆನ್ ಮಾಡಿದ್ವಿ. ಒಂದು ಬದಲಾಯ್ಸೋದು, ರೀಸ್ಟಾರ್ಟ್ ಮಾಡಿ ಪ್ರಿಂಟು, ಸ್ಕ್ಯಾನು, ಬೆರಳು ಮೂರೂ ನೋಡೋದು, ಆಮೇಲೆ ಮುಂದಿಂದು. ಹುಡುಗಿ ಒಂದು ನೋಟ್‌ಬುಕ್ಕಲ್ಲಿ ಮುಂಚೆ ಏನಿತ್ತು ಈಗ ಏನಾಯ್ತು ಅಂತ ಬರ್ಕೊಂಡ್ಲು, ವಾಪಸ್ ಮಾಡ್ಬೇಕಾದ್ರೆ ಬೇಕಲ್ಲ.

ವಿಂಡೋಸ್ ಅಪ್‌ಡೇಟ್ ನಿಲ್ಲಿಸ್ಬಿಡು ಅಂತ ಚಿಕ್ಕಪ್ಪ ತುಂಬ ಕೇಳಿದ್ರು, ನಾನು ಒಪ್ಲಿಲ್ಲ. ಬೆಳಗ್ಗೆ ನಮ್ಮನ್ನ ಆಟ ಆಡಿಸಿದ ಇದೇ ಸ್ಪೂಲರಲ್ಲಿ 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಅಂತ ಒಂದು ದೊಡ್ಡ ತೂತು ಸಿಕ್ಕಿತ್ತು. ಸ್ಪೂಲರ್ ಓಡೋದು ಲೋಕಲ್ ಸಿಸ್ಟಮ್ ಅನ್ನೋ ಅಕೌಂಟಲ್ಲಿ, ಅದಕ್ಕೆ ಆ ಕಂಪ್ಯೂಟರ್ ಮೇಲೆ ಹೆಚ್ಚುಕಮ್ಮಿ ಪೂರ್ತಿ ಅಧಿಕಾರ ಇರುತ್ತೆ, ಅಂಥದ್ರೊಳಗೆ ಹೊರಗಿನವ್ರ ಕೋಡ್ ಓಡಿಸೋಕೆ ಆಗ್ತಿತ್ತು. ಜುಲೈ ತಿಂಗಳಲ್ಲಿ ಮೈಕ್ರೋಸಾಫ್ಟ್ ತುರ್ತಾಗಿ ಪ್ಯಾಚ್ ಬಿಡ್ತು, ಸಪೋರ್ಟ್ ಮುಗಿದಿದ್ದ ವಿಂಡೋಸ್ 7ಗೂ ಕೊಡ್ತು. ಪ್ಯಾಚ್ ಬರೋ ತನಕ ಸ್ಪೂಲರ್ ಆಫ್ ಮಾಡ್ಕೊಳ್ಳೋದು ಒಂದು ದಾರಿ ಆಗಿತ್ತು, ಪ್ರಿಂಟಿಂದಾನೇ ಹೊಟ್ಟೆ ಹೊರೆಯೋ ಅಂಗಡಿ ಅದನ್ನ ಹೇಗೆ ಮಾಡುತ್ತೆ? ಊರವ್ರ ಆಧಾರ್, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ಹಾದು ಹೋಗೋ ಕಂಪ್ಯೂಟರ್ ಅದು. ಆಕ್ಟಿವ್ ಅವರ್ಸ್‌ನ ಅಂಗಡಿ ಸಮಯಕ್ಕೆ ಇಟ್ಟು, ಕೆಲಸದ ಮಧ್ಯೆ ರೀಸ್ಟಾರ್ಟ್ ಆಗದಂಗೆ ಮಾಡ್ಕೊಟ್ಟೆ. ಅದು ಇನ್ನೂ ವಿಂಡೋಸ್ 10, ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್‌ಗೆ ಸೇರಿಸಿದ್ದೀನಿ, ಆದ್ರೂ ಹೊಸ ಸಿಸ್ಟಮ್‌ಗೆ ದುಡ್ಡು ಎತ್ತಿಡಿ ಅಂತ ನೇರವಾಗೇ ಹೇಳ್ದೆ.

ಹೊರಡೋ ಮುಂಚೆ ನೋಟ್‌ಪ್ಯಾಡಲ್ಲಿ ಮೂರು ಸಾಲು ಬರೆದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನ ಒಂದಾದ್ಮೇಲೆ ಒಂದು ಓಡಿಸೋ ಫೈಲ್) ಮಾಡಿ ಡೆಸ್ಕ್‌ಟಾಪಲ್ಲಿ ಇಟ್ಟೆ: ಸ್ಪೂಲರ್ ನಿಲ್ಲಿಸು, ಆ ಪ್ರಿಂಟರ್ಸ್ ಫೋಲ್ಡರಿನ ಫೈಲ್ ಅಳಿಸು, ಸ್ಪೂಲರ್ ಶುರು ಮಾಡು. ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡ್ಬೇಕು, ಕಾಯ್ತಿರೋ ಪ್ರಿಂಟೆಲ್ಲ ಹೋಗ್ತವೆ, ಮತ್ತೆ ಕೊಡ್ಬೇಕು ಅಂತ ಹುಡುಗಿಗೆ ಹೇಳಿದೆ. ಅವಳು ಅಷ್ಟಕ್ಕೆ ಸುಮ್ನಾಗ್ಲಿಲ್ಲ, ಕೆಲವು ದಿನ ಬಿಟ್ಟು ಫೋನ್ ಮಾಡಿದ್ಲು. "ಅಕ್ಕ, ಅವಧಿ ಮುಗಿದಿರೋ ಆ ಆ್ಯಂಟಿವೈರಸ್ ಸರ್ವಿಸ್ ಇದೆಯಲ್ಲ, ಸ್ಟಾಪ್ ಬಟನ್ನೇ ಮಂಕಾಗಿದೆ, ಒತ್ತೋಕೆ ಆಗಲ್ಲ." ಆ್ಯಂಟಿವೈರಸ್‌ಗಳು ತಮ್ಮನ್ನ ಯಾವ ವೈರಸ್ಸೂ ನಿಲ್ಲಿಸ್ಬಾರ್ದು ಅಂತ ಹಂಗೆ ಕಾಪಾಡ್ಕೊಂಡಿರ್ತವೆ, ಸರ್ವಿಸ್ ಪಟ್ಟಿಯಿಂದ ಅದು ಆಗಲ್ಲ, ಸೆಟ್ಟಿಂಗ್ಸಲ್ಲಿ ಆಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡು, ರೀಸ್ಟಾರ್ಟ್ ಆದ್ಮೇಲೆ ವಿಂಡೋಸ್‌ನದ್ದೇ ಡಿಫೆಂಡರ್ ಆನ್ ಆಗಿದೆಯಾ ನೋಡು ಅಂದೆ. ಆನ್ ಆಗಿದೆ ಅಂತ ಸಂಜೆ ಸ್ಕ್ರೀನ್‌ಶಾಟ್ ಕಳಿಸಿದ್ಲು, ಕೆಳಗಡೆ ಇನ್ನೊಂದು ಸರ್ವಿಸ್ ಹೆಸರು ಬರೆದು ಇದು ಯಾವ್ದಕ್ಕ ಅಂತ ಕೇಳಿದ್ಲು.