ಅಷ್ಟೊಂದು ಪ್ರೀತಿಸಿದವರು ಯಾಕೆ ದೂರವಾಗುತ್ತಾರೆ?

ದಾವಣಗೆರೆಯಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಮದುವೆಮನೆಯ ಊಟದ ಪಂಕ್ತಿಯಲ್ಲೂ ಎದುರಾಗುವ ಪ್ರಶ್ನೆ ಇದು: "ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಮದುವೆಯಾದವರು ಮೂರೇ ವರ್ಷಕ್ಕೆ ಬೇರೆಯಾದರಲ್ಲ ಮೇಡಂ, ಯಾಕೆ?" ಕೇಳುವವರಲ್ಲೇ ಉತ್ತರವೂ ಸಿದ್ಧವಿರುತ್ತದೆ: ಜಾತಿ, ಅತ್ತೆ, ಮೊಬೈಲ್, ಇಲ್ಲವೇ "ಪ್ರೀತಿ ಕಡಿಮೆಯಾಯಿತು". ಈ ಕೊನೆಯದು ನನ್ನ ದೃಷ್ಟಿಯಲ್ಲಿ ಕಾರಣವಲ್ಲ, ಪರಿಣಾಮ. ಪ್ರೀತಿಗಿಂತ ಮೊದಲು ಕಡಿಮೆಯಾಗುವುದು ಒಬ್ಬರ ಕರೆಗೆ ಇನ್ನೊಬ್ಬರು ಓಗೊಡುವುದು.

ಸಂಜೆ ಮನೆಗೆ ಬಂದ ಗಂಡನಿಗೆ ಹೆಂಡತಿ "ಕುಂದುವಾಡ ಕೆರೆ ತುಂಬಿದೆಯಂತೆ ರೀ" ಎನ್ನುತ್ತಾಳೆ. ಅವಳು ಹೇಳುತ್ತಿರುವುದು ಕೆರೆಯ ಸುದ್ದಿಯಾದರೂ ಬಯಸುತ್ತಿರುವುದು ಅವನೊಡನೆ ನಾಲ್ಕು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದ ಜೋಡಿಗಳನ್ನು ಗಮನಿಸಿ, ಆರು ವರ್ಷಗಳ ಬಳಿಕ ಮತ್ತೆ ವಿಚಾರಿಸಿದಾಗ, ಒಟ್ಟಿಗೆ ಉಳಿದವರು ಇಂಥ ಕರೆಗಳಲ್ಲಿ ಶೇ 86ರಷ್ಟಕ್ಕೆ ಓಗೊಟ್ಟಿದ್ದರು. ವಿಚ್ಛೇದನ ಪಡೆದವರು ಓಗೊಟ್ಟಿದ್ದು ಶೇ 33ರಷ್ಟಕ್ಕೆ ಮಾತ್ರ.

ಓಗೊಡದ ಮನೆಯಲ್ಲಿ ದೂರು ಬೇಗನೆ ದೂಷಣೆಯಾಗುತ್ತದೆ. "ಸಿಲಿಂಡರ್ ಬುಕ್ ಮಾಡಲು ಮರೆತಿದ್ದೀರಿ" ಎಂಬುದು ಒಂದು ದಿನದ ಮರೆವಿನ ಮಾತು, "ನಿಮಗೆ ಯಾವತ್ತು ಜವಾಬ್ದಾರಿ ಇತ್ತು" ಎಂಬುದು ಇಡೀ ಮನುಷ್ಯನ ಮೇಲಿನ ತೀರ್ಪು. ಅದೂ ಬೆಳೆದು "ನಿನಗೇನು ಗೊತ್ತಾಗುತ್ತೆ" ಎಂಬ ತಿರಸ್ಕಾರವಾದರೆ ಅಪಾಯ ದೊಡ್ಡದು. ಸಂಬಂಧ ಮುರಿಯುವುದರ ಅತಿ ಬಲವಾದ ಮುನ್ಸೂಚನೆ ತಿರಸ್ಕಾರವೇ ಎಂದು ಗಾಟ್‌ಮನ್ ಗುರುತಿಸಿದ್ದಾರೆ.

ನಮ್ಮಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಮೌನ. ಒಬ್ಬರು ಬೆನ್ನುಹತ್ತಿ ಕೇಳುತ್ತಾರೆ, ಇನ್ನೊಬ್ಬರು ಬಾಯಿ ಮುಚ್ಚುತ್ತಾರೆ. ಕೇಳಿದಷ್ಟೂ ಮೌನ, ಮೌನವಾದಷ್ಟೂ ಕೇಳಿಕೆ. ಬಂಧುಗಳು ಮೌನಿಯನ್ನು "ಸಾಧು" ಎಂದು ಹೊಗಳಿ, ಕೇಳುವವಳನ್ನು ಬಾಯಿಬಡುಕಿ ಎನ್ನುವುದು ನನಗೆ ಬಹಳ ನೋವುಂಟುಮಾಡುತ್ತದೆ. ಹಾಗೆಂದು ಆ ಮೌನ ಯಾವಾಗಲೂ ಸೊಕ್ಕಲ್ಲ. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದವರಿಗೆ ಎದುರಿನವರ ಮಾತು ಸರಿಯಾಗಿ ತಲೆಗೆ ಹೋಗುವುದಿಲ್ಲ, ಮೈ ತಣಿಯಲು 20 ನಿಮಿಷವಾದರೂ ಬೇಕು. "ಸ್ವಲ್ಪ ಹೊತ್ತು ಬಿಟ್ಟು ಮಾತಾಡೋಣ" ಎಂದು ಹೇಳಿ ಎದ್ದುಹೋಗುವುದಕ್ಕೂ ಹೇಳದೆ ಎದ್ದುಹೋಗುವುದಕ್ಕೂ ಇರುವ ಅಂತರ ಬಹಳ ದೊಡ್ಡದು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಹಿರಿಯರು ನನಗೆ ನೆನಪಿಸುತ್ತಾರೆ. ಗಾದೆ ನಿಜ, ಆದರೆ ರಾಜಿಗೆ ಜಾಗ ಬೇಕು. ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮಾವ, ಮೈದುನರ ನಡುವೆ ಜಗಳ ಎಲ್ಲರಿಗೂ ಕೇಳಿಸುತ್ತದೆ. ಕೈ ಹಿಡಿದು "ತಪ್ಪಾಯಿತು" ಎನ್ನಲು ಮಾತ್ರ ಮೂಲೆ ಸಿಗುವುದಿಲ್ಲ. ವಿದೇಶದ ಅಧ್ಯಯನಗಳನ್ನು ಇಲ್ಲಿಗೆ ಅನ್ವಯಿಸುವಾಗ ನಾನು ಇದನ್ನು ಮರೆಯುವುದಿಲ್ಲ. ಹೊಡೆತ, ಬೆದರಿಕೆ ಇರುವ ಮನೆಗಂತೂ ಈ ಯಾವ ವಿವರಣೆಯೂ ಸಲ್ಲದು; ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ.

ನನ್ನ ಬಳಿ ಬಂದ ಜೋಡಿಗೆ ಜಗಳದ ವಿವರ ಕೇಳುವ ಮೊದಲು, ನೀವು ಭೇಟಿಯಾಗಿದ್ದು ಹೇಗೆ ಎಂದು ಕೇಳುತ್ತೇನೆ. ಒಬ್ಬರು ಗಾಜಿನ ಮನೆಯ ಮುಂದೆ ಎಂದಾಗ ಇನ್ನೊಬ್ಬರು "ಅಲ್ಲ, ಅದಕ್ಕೂ ಮೊದಲು ಬಸ್ ಸ್ಟ್ಯಾಂಡಿನಲ್ಲಿ" ಎಂದು ತಿದ್ದಿದರೆ, ಎಷ್ಟೇ ಸಿಟ್ಟಿನಲ್ಲಿ ತಿದ್ದಿದರೂ, ಕೆಲಸ ಮಾಡಲು ಜಾಗ ಉಳಿದಿದೆ ಎಂದುಕೊಳ್ಳುತ್ತೇನೆ. "ಅದೆಲ್ಲ ಈಗ ಯಾಕೆ ಮೇಡಂ" ಎಂದು ಇಬ್ಬರೂ ನೆಲ ನೋಡಿದ ದಿನ ನನಗೆ ಮುಂದಿನ ಪ್ರಶ್ನೆ ಕೇಳುವುದು ಕಷ್ಟವಾಗುತ್ತದೆ.